ಸ್ಕೂಲು ಮುಗಿಯೋಕೆ ಇನ್ನು ಎರಡೇ ವರ್ಷ, "ಇನ್ನೂ ರೆಡಿ ಇಲ್ಲ" ಅಂತಾರೆ. ಮಗನಿಗೆ ಸಂಬಳದ ಕೆಲಸ ಸಿಗೋ ದಾರಿ ಯಾವುದು?

ಮುಂಜಾವು:
ಎಲ್ರಿಗೂ ನಮಸ್ಕಾರ. ಇಷ್ಟು ದಿನ ನೀವೆಲ್ಲ ಬರೆದಿದ್ದನ್ನ ಓದ್ತಾ ಇದ್ದೆ ಅಷ್ಟೇ, ಇವತ್ತು ಬರೀಲೇಬೇಕು ಅನ್ನಿಸ್ತು. ನನ್ನ ಮಗನಿಗೆ 17 ವರ್ಷ, ಮೂರೂವರೆ ವರ್ಷ ಇದ್ದಾಗ್ಲೇ ಆಟಿಸಂ ಅಂತ ಗೊತ್ತಾಗಿತ್ತು. ಮಾತು ಕಡಿಮೆ, ಬೇಕಾದ್ದನ್ನ ಎರಡು ಮೂರು ಪದದಲ್ಲಿ ಹೇಳ್ತಾನೆ, ಆದ್ರೆ ಚೆನ್ನಾಗಿ ಓದ್ತಾನೆ, ಟೈಪ್ ಮಾಡೋಕೆ ಕೊಟ್ರೆ ಬಾಯಲ್ಲಿ ಹೇಳೋದಕ್ಕಿಂತ ಎಷ್ಟೋ ಜಾಸ್ತಿ ಹೇಳ್ತಾನೆ. ಹೋದ ವಾರ ಸ್ಕೂಲಲ್ಲಿ ಮೀಟಿಂಗ್ ಇತ್ತು. "ಇವನು ಕೆಲಸಕ್ಕೆ ಇನ್ನೂ ರೆಡಿ ಇಲ್ಲ, ಸ್ಕೂಲು ಮುಗಿದ್ಮೇಲೆ ಒಂದು ತರಬೇತಿ ಕೇಂದ್ರಕ್ಕೆ ಹಾಕಿ, ಮಣಿ ಪೋಣಿಸೋದು ಕವರ್ ಅಂಟಿಸೋದು ಕಲೀತಾನೆ, ಕೆಲಸದ ವಿಷ್ಯ ಆಮೇಲೆ ನೋಡೋಣ" ಅಂದ್ರು. ಆಮೇಲೆ ಅಂದ್ರೆ ಯಾವಾಗ ಅಂತ ಕೇಳ್ದೆ, ಯಾರ ಹತ್ರನೂ ಉತ್ತರ ಇರ್ಲಿಲ್ಲ. ಆ ಕೇಂದ್ರಕ್ಕೆ ನಾನೇ ಹೋಗಿ ನೋಡ್ಕೊಂಡು ಬಂದೆ. 30 ದಾಟಿದವರು ಅಲ್ಲಿ ಕೂತು ಅದೇ ಕವರ್ ಅಂಟಿಸ್ತಾ ಇದ್ರು, ಹನ್ನೆರಡು ವರ್ಷದಿಂದ ಅಲ್ಲೇ ಇರೋರೂ ಇದ್ರು. ಅಲ್ಲಿನ ಸಿಬ್ಬಂದಿ ಒಳ್ಳೆಯವರೇ, ಪ್ರೀತಿಯಿಂದ ನೋಡ್ಕೋತಾರೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೂ ಮನೆಗೆ ಬಂದು ರಾತ್ರಿ ನಿದ್ದೆ ಬರ್ಲಿಲ್ಲ. ನಿಜವಾಗ್ಲೂ ಮೊದಲು ರೆಡಿ ಆಗಿ ಆಮೇಲೆ ಕೆಲಸಕ್ಕೆ ಹೋಗ್ಬೇಕಾ? ಬೇರೆ ದಾರಿ ಇಲ್ವಾ? ಅನುಭವ ಇರೋರು ದಯವಿಟ್ಟು ಹೇಳಿ.

ಮಗಳಪ್ಪ:
ಅಮ್ಮಾ, ನಿಮ್ಮ ನೋವು ಅರ್ಥ ಆಗುತ್ತೆ. ನನ್ನ ಮಗಳಿಗೆ ಈಗ 24, ನಮ್ಮದು ದೊಡ್ಡ ಕಥೆ, ಸಂಜೆ ಕೂತು ಬರೀತೀನಿ. ಸದ್ಯಕ್ಕೆ ಒಂದೇ ಮಾತು, ಸ್ಕೂಲು ಮುಗಿಯೋವರೆಗೂ ಕಾಯ್ಬೇಡಿ.

ಜೊತೆನಡಿಗೆ:
ನಾನು ಜಾಬ್ ಕೋಚ್, ಅಂದ್ರೆ ಕೆಲಸದ ಜಾಗದಲ್ಲೇ ಜೊತೆಗಿದ್ದು ಕೆಲಸ ಕಲಿಸೋನು, ಆಗಿ ಹನ್ನೊಂದು ವರ್ಷದಿಂದ ಕೆಲಸ ಮಾಡ್ತಿದೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

"ಮೊದಲು ತರಬೇತಿ, ಆಮೇಲೆ ಕೆಲಸ" ಅನ್ನೋದು ಹಳೇ ಪದ್ಧತಿ. 1980ರ ದಶಕದಲ್ಲೇ ಇದನ್ನ ತಿರುಗಿಸಿ ಹಾಕಿದ್ರು, ಮೊದಲು ನಿಜವಾದ ಜಾಗದಲ್ಲಿ ನಿಜವಾದ ಕೆಲಸಕ್ಕೆ ಸೇರಿಸಿ ಅಲ್ಲೇ ಪಕ್ಕದಲ್ಲಿ ನಿಂತು ಕಲಿಸೋದು. ಆಟಿಸಂ ಇರೋ ಮಕ್ಕಳ ವಿಷ್ಯದಲ್ಲಿ ಇದಕ್ಕೆ ಬಲವಾದ ಕಾರಣ ಇದೆ. ಒಂದು ಕಡೆ ಕಲಿತಿದ್ದು ಇನ್ನೊಂದು ಕಡೆಗೆ ತಾನಾಗಿ ಹೋಗಲ್ಲ. ಕೇಂದ್ರದ ಟೇಬಲ್ ಮೇಲೆ ನೂರು ಕವರ್ ಅಂಟಿಸಿದ ಹುಡುಗ ಗೋಡೌನಲ್ಲಿ ಬೇರೆ ಟೇಬಲ್, ಬೇರೆ ಬೆಳಕು, ಬೇರೆ ಸದ್ದು ಇದ್ದಾಗ ಮೊದಲಿಂದ ಶುರು ಮಾಡ್ಬೇಕಾಗುತ್ತೆ. ಹೇಗಿದ್ರೂ ಅಲ್ಲೇ ಕಲೀಬೇಕು ಅಂದ್ಮೇಲೆ ಹನ್ನೆರಡು ವರ್ಷ ಇನ್ನೆಲ್ಲೋ ಯಾಕೆ ಕೂರಿಸ್ಬೇಕು?

ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. 2012ರಲ್ಲಿ ರಾಬರ್ಟ್ ಸಿಮೆರಾ ಮತ್ತೆ ಅವರ ಜೊತೆಯವರು ಅಮೆರಿಕದ ದಾಖಲೆ ತಗೊಂಡು, ಇಂಥ ಕೇಂದ್ರಗಳಲ್ಲಿ ಇದ್ದು ಬಂದ 215 ಜನ ಆಟಿಸಂ ಇರೋರನ್ನ, ಕೇಂದ್ರಕ್ಕೆ ಹೋಗದೇ ಇರೋ ಅವರಂಥದ್ದೇ 215 ಜನರ ಜೊತೆ ಹೋಲಿಸಿ ನೋಡಿದ್ರು. ಕೆಲಸ ಸಿಕ್ಕ ಪ್ರಮಾಣ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಸಂಬಳ ಮಾತ್ರ ಕೇಂದ್ರದಲ್ಲಿ ಇದ್ದು ಬಂದವರದ್ದೇ ಕಡಿಮೆ. ಅಂದ್ರೆ ಅಲ್ಲಿ ಕಳೆದ ವರ್ಷಗಳು ಕೆಲಸಕ್ಕೆ ಏನೂ ಸೇರಿಸಿರಲಿಲ್ಲ.

ಇನ್ನೊಂದು ಕಡೆ ನೋಡಿ. 1996ರಲ್ಲಿ ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗ ನೋಡ್ಕೋತಿದ್ದ ನರ್ಸ್ ಎರಿನ್ ರೀಲಿ ಅವರಿಗೆ ಒಂದು ತಲೆನೋವಿತ್ತು, ಸಾಮಾನು ತುಂಬಿಸಿ ಇಡೋ ಕೆಲಸಕ್ಕೆ ಬಂದವರು ಬಹಳ ದಿನ ನಿಲ್ತಾ ಇರ್ಲಿಲ್ಲ. ಬೆಳವಣಿಗೆಯಲ್ಲಿ ತೊಂದರೆ ಇರೋ ಮಕ್ಕಳಿಗೆ ನಮ್ಮ ಆಸ್ಪತ್ರೆ ಚಿಕಿತ್ಸೆ ಕೊಡುತ್ತೆ, ಹಾಗಿದ್ರೆ ಕೆಲಸನೂ ಯಾಕೆ ಕೊಡಬಾರದು ಅಂತ ಅವರು ಯೋಚನೆ ಮಾಡಿದ್ರು. ಅಲ್ಲಿಂದ ಪ್ರಾಜೆಕ್ಟ್ ಸರ್ಚ್ ಹುಟ್ಟಿತು. ಸ್ಕೂಲಿನ ಕೊನೇ ವರ್ಷ ಪೂರ್ತಿ ಆಸ್ಪತ್ರೆ ಅಥವಾ ದೊಡ್ಡ ಆಫೀಸಿನ ಒಳಗೇ ಕಳೆಯುತ್ತೆ, ಸಾಮಾನ್ಯವಾಗಿ ಮೂರು ಬೇರೆ ಬೇರೆ ವಿಭಾಗದಲ್ಲಿ ಕೆಲಸ ಕಲೀತಾರೆ, ಟೀಚರು ಮತ್ತು ಜಾಬ್ ಕೋಚ್ ಕೂಡ ಅದೇ ಕಟ್ಟಡದಲ್ಲಿ ಇರ್ತಾರೆ. ಪಾಲ್ ವೇಮನ್ ತಂಡ ಅದಕ್ಕೆ ಆಟಿಸಂಗೆ ಬೇಕಾದ ಬೆಂಬಲ ಸೇರಿಸಿ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಪರೀಕ್ಷೆ ಮಾಡ್ತು, 2014ರಲ್ಲಿ ಪ್ರಕಟ ಆಯ್ತು. ಈ ದಾರೀಲಿ ಹೋದ 24 ಜನರಲ್ಲಿ 21 ಜನಕ್ಕೆ ಕೆಲಸ ಸಿಕ್ತು. ಮಾಮೂಲಿ ಸ್ಕೂಲಲ್ಲೇ ಉಳಿದ 16 ಜನರಲ್ಲಿ ಒಬ್ಬರಿಗೆ.

ಅದಕ್ಕೆ "ರೆಡಿ ಇಲ್ಲ" ಅನ್ನೋ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತೆ. ರೆಡಿ ಆಗೋದು ಕೆಲಸದ ಜಾಗದಲ್ಲೇ.

ಕಾಗದದೋಣಿ:
24 ಜನ ಅಂದ್ರೆ ತುಂಬ ಸಣ್ಣ ಸಂಖ್ಯೆ ಅಲ್ವಾ ಸರ್? ಅದೂ ಅಷ್ಟು ದುಡ್ಡು, ಅಷ್ಟು ಸಿಬ್ಬಂದಿ ಹಾಕಿ ಮಾಡಿದ್ದು. ಎಲ್ಲ ಕಡೆ ಆಗುತ್ತಾ? ಪಾಪ ಆ ಅಮ್ಮನಿಗೆ ಆಸೆ ಹುಟ್ಟಿಸಿ ಆಮೇಲೆ ಬೇಜಾರು ಆಗೋದು ಬೇಡ ಅಂತ ಕೇಳಿದೆ ಅಷ್ಟೇ.

ಜೊತೆನಡಿಗೆ:
ಸರಿಯಾದ ಪ್ರಶ್ನೆ. ಸಂಖ್ಯೆ ಸಣ್ಣದೇ, ಹಾಗಂತ ಗುಂಪು ಮಾಡಿದ್ದು ಚೀಟಿ ಎತ್ತಿ, ಚೆನ್ನಾಗಿರೋ ಮಕ್ಕಳನ್ನ ಆರಿಸ್ಕೊಂಡು ಅಲ್ಲ. ಇನ್ನೊಂದು ವಿಷ್ಯ, ಪಕ್ಕದಲ್ಲಿ ನಿಲ್ಲೋ ಸಹಾಯ ಮೊದಮೊದಲು ತುಂಬ ಬೇಕಾಗಿ ತಿಂಗಳು ಕಳೆದ ಹಾಗೆ ಕಡಿಮೆ ಆಗ್ತಾ ಹೋಯ್ತು, ಖರ್ಚು ಅಂದಾಗ ಇದನ್ನೂ ಲೆಕ್ಕಕ್ಕೆ ತಗೋಬೇಕು. ಅದೇ ತರ ಪೂರ್ತಿ ಕಾರ್ಯಕ್ರಮ ಎಲ್ಲ ಕಡೆ ಇರಲ್ಲ, ನಿಜ. ಆದ್ರೆ ಅದರ ತಿರುಳು ಯಾರು ಬೇಕಾದ್ರೂ ತಗೋಬಹುದು, ಸ್ಕೂಲು ಮುಗಿಯೋ ಮುಂಚೆ, ನಿಜವಾದ ಜಾಗ, ನಿಜವಾದ ಕೆಲಸ, ಪಕ್ಕದಲ್ಲಿ ಗೊತ್ತಿರೋ ಒಬ್ಬರು.

ಚಾಕ್‌ಪೀಸ್:
ನಾನು ವಿಶೇಷ ಶಿಕ್ಷಕಿ. ಮುಂಜಾವು ಅವರೇ, ನಿಮ್ಮ ಸ್ಕೂಲಿನವರ ಪರವಾಗಿ ಒಂದು ಮಾತು, ನಮಗೆ ಕೆಲಸದ ಜಾಗಗಳ ಪರಿಚಯ ಇರಲ್ಲ, ತರಗತಿ ಬಿಟ್ಟು ಹೊರಗೆ ಹೋಗೋಕೆ ಟೈಮೂ ಕೊಡಲ್ಲ, ಗೊತ್ತಿರೋ ಕೇಂದ್ರದ ಹೆಸರು ಹೇಳಿ ಮುಗಿಸ್ತೀವಿ. ಇದು ತಪ್ಪೇ, ನಾನೂ ಮಾಡಿದೀನಿ. ಅಮೆರಿಕದ ಕಾನೂನಲ್ಲಿ ಮಗುವಿಗೆ 16 ತುಂಬೋ ಹೊತ್ತಿಗೆ ಸ್ಕೂಲು ಮುಗಿದ ಮೇಲೆ ಏನು ಅನ್ನೋದರ ಯೋಜನೆ ಬರವಣಿಗೆಯಲ್ಲಿ ಇರ್ಲೇಬೇಕು. ಹಾಗಿದ್ದೂ 2012ರಲ್ಲಿ ಪಾಲ್ ಶಾಟಕ್ ಅವರ ಅಧ್ಯಯನ ನೋಡಿದ್ರೆ, ಸ್ಕೂಲು ಬಿಟ್ಟು ಎರಡು ವರ್ಷದ ಒಳಗಿರೋ ಆಟಿಸಂ ಇರೋ ಯುವಕ ಯುವತಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕೆಲಸದಲ್ಲೂ ಇರ್ಲಿಲ್ಲ, ಓದ್ತಾನೂ ಇರ್ಲಿಲ್ಲ. ಕಾಗದದ ಮೇಲೆ ಯೋಜನೆ ಇದ್ರೆ ಸಾಲದು ಅಂತ ಆಯ್ತಲ್ಲ.

ನಿಮಗೆ ಒಂದು ಪ್ರಶ್ನೆ. ಇಡೀ ದಿನದಲ್ಲಿ ನಿಮ್ಮ ಮಗ ಯಾರೂ ಹೇಳದೆ ತಾನಾಗೇ ಮಾಡೋದು ಏನು? ಇಷ್ಟ ಏನು ಅಂತ ಕೇಳ್ತಾ ಇಲ್ಲ, ಮಾಡೋದು ಏನು.

ಮುಂಜಾವು:
ಚಾಕ್‌ಪೀಸ್ ಮೇಡಂ, ಯೋಚನೆ ಮಾಡಿ ಬರೀತಿದೀನಿ. ಸ್ಕೂಲಲ್ಲಿ ಬೆಳಿಗ್ಗೆ ಎಲ್ಲ ಕ್ಲಾಸಿಂದ ಹಾಜರಿ ಪುಸ್ತಕ ತಗೊಂಡು ಬಂದು ಆಫೀಸಲ್ಲಿ ಇಡ್ತಾನೆ. ಎರಡು ವರ್ಷದ ಹಿಂದೆ ಯಾರೋ ಒಂದಿನ ಕಳಿಸಿದ್ರಂತೆ, ಅವತ್ತಿಂದ ಬಿಟ್ಟಿಲ್ಲ. ಒಂದು ಪುಸ್ತಕ ಕಮ್ಮಿ ಇದ್ರೆ ಆ ಕ್ಲಾಸ್ ಬಾಗಿಲಲ್ಲಿ ಹೋಗಿ ನಿಂತ್ಕೋತಾನೆ, ಕೊಡೋವರೆಗೂ ಕದಲಲ್ಲ, ಒಬ್ಬರು ಟೀಚರ್ ಇದನ್ನ ಹಟ ಅಂತ ಕಂಪ್ಲೇಂಟ್ ಮಾಡಿದ್ರು ಕೂಡ. ಮನೇಲಿ ಏನೂ ಮಾಡಲ್ಲ. ನಿಜ ಹೇಳ್ಬೇಕಂದ್ರೆ ನಾನೇ ಮಾಡೋಕೆ ಬಿಟ್ಟಿಲ್ಲ, ಅವನ ಬಟ್ಟೆ ಮಡಚೋದು, ಬ್ಯಾಗ್ ಜೋಡಿಸೋದು ಎಲ್ಲ ನಾನೇ.

ಚಾಕ್‌ಪೀಸ್:
ಇದೇ! ಇದನ್ನ ಮೀಟಿಂಗಲ್ಲಿ ಯಾರೂ ಹೇಳ್ಲಿಲ್ವಾ? ಎಷ್ಟೊಂದು ಕ್ಲಾಸಿಂದ, ಎರಡು ವರ್ಷ, ದಿನಾ, ಒಂದೂ ತಪ್ಪದೆ, ಕಡಿಮೆ ಇದ್ದದ್ದನ್ನ ಗುರುತು ಹಿಡಿದು ವಾಪಸ್ ಹೋಗಿ ತರ್ತಾನೆ. ಆಸ್ಪತ್ರೇಲಿ ಫೈಲು ಒಯ್ಯೋದು, ಆಫೀಸಲ್ಲಿ ಟಪಾಲು ಹಂಚೋದು, ಲೈಬ್ರರೀಲಿ ವಾಪಸ್ ಬಂದ ಪುಸ್ತಕ ಸೇರಿಸೋದು, ಲ್ಯಾಬಿಗೆ ಸ್ಯಾಂಪಲ್ ತಲುಪಿಸೋದು, ಇದಕ್ಕೆಲ್ಲ ಬೇಕಾಗಿರೋದು ಇದೇ ಗುಣ. ಕ್ಲಾಸಲ್ಲಿ ಅದು ಹಟ, ರೆಕಾರ್ಡ್ ರೂಮಲ್ಲಿ ಅದೇ ಜವಾಬ್ದಾರಿ.

ಮನೆ ಕೆಲಸದ ಬಗ್ಗೆ ಹೇಳಿದ್ರಲ್ಲ, ಅದರ ಬಗ್ಗೆ ಬೇಜಾರು ಮಾಡ್ಕೋಬೇಡಿ, ಆದ್ರೆ ಇವತ್ತಿಂದಲೇ ಬದಲಾಯಿಸಿ. 2012ರಲ್ಲಿ ಎರಿಕ್ ಕಾರ್ಟರ್ ಮತ್ತು ಜೊತೆಯವರು ತೀವ್ರ ಅಂಗವೈಕಲ್ಯ ಇರೋ ಹುಡುಗ ಹುಡುಗಿಯರಲ್ಲಿ ಯಾರಿಗೆ ಸ್ಕೂಲು ಮುಗಿದ್ಮೇಲೆ ಕೆಲಸ ಸಿಕ್ತು ಅಂತ ನೋಡಿದ್ರು. ಸ್ಕೂಲಲ್ಲಿ ಇರೋವಾಗ್ಲೇ ಹೊರಗೆ ಸಂಬಳಕ್ಕೆ ಕೆಲಸ ಮಾಡಿದ್ದವರಿಗೆ ಸಿಗೋ ಸಾಧ್ಯತೆ ಜಾಸ್ತಿ ಇತ್ತು. ಅದರ ಜೊತೆಗೇ ಮನೇಲಿ ಜವಾಬ್ದಾರಿ ಇದ್ದವರು, ಇವನು ದುಡೀತಾನೆ ಅಂತ ಅಪ್ಪ ಅಮ್ಮ ನಂಬಿದ್ದವರು, ಅವರೂ ಮುಂದೆ ಇದ್ರು. ನಾನು ಆಮೇಲಿಂದ ಪ್ರತಿ ತಂದೆತಾಯಿಗೂ ಒಂದು ಮನೆಕೆಲಸ ಪೂರ್ತಿಯಾಗಿ ಮಗುವಿಗೆ ಬಿಟ್ಟುಕೊಡಿ ಅಂತೀನಿ, ಸಹಾಯ ಮಾಡೋದಲ್ಲ, ಅದು ಅವನದೇ ಕೆಲಸ ಆಗ್ಬೇಕು, ಅವನು ಮಾಡದಿದ್ರೆ ಮನೇಲಿ ಅದು ಆಗಬಾರದು.

ಮಗಳಪ್ಪ:
ಬರೀತೀನಿ ಅಂದಿದ್ದೆ. ನನ್ನ ಮಗಳಿಗೆ 20 ವರ್ಷ ಇದ್ದಾಗ ಒಂದು ದೊಡ್ಡ ಲಾಂಡ್ರೀಲಿ ಕೆಲಸ ಸಿಕ್ತು. ಬೆಡ್‌ಶೀಟು ಟವೆಲ್ಲು ಮಡಚೋ ವಿಭಾಗ. ಜಾಬ್ ಕೋಚ್ ಒಬ್ಬರು ಆರು ವಾರ ಜೊತೆಗಿದ್ರು, ಮಡಚೋದನ್ನ ಒಂಬತ್ತು ಹೆಜ್ಜೆ ಮಾಡಿ ಫೋಟೋ ತೆಗೆದು ಗೋಡೆಗೆ ಅಂಟಿಸಿದ್ರು. ಮೂರನೇ ತಿಂಗಳಿಗೆ ಮಗಳು ಅಲ್ಲಿನ ಹಳಬರಷ್ಟೇ ವೇಗ. ಮೊದಲ ಸಂಬಳ ಬಂದ ದಿನ ಆ ಚೀಟಿನ ದಿಂಬಿನ ಕೆಳಗೆ ಇಟ್ಕೊಂಡು ಮಲಗಿದ್ಲು.

ಏಳನೇ ತಿಂಗಳಲ್ಲಿ ಮ್ಯಾನೇಜರ್ ಬದಲಾದ್ರು. ಹೊಸಬರಿಗೆ ಇವಳ ಬಗ್ಗೆ ಯಾರೂ ಏನೂ ಹೇಳಿರ್ಲಿಲ್ಲ. ಶಿಫ್ಟ್ ಬದಲಾಯಿಸಿದ್ರು, ಬಸ್ಸು ಬದಲಾಯ್ತು, ಗೋಡೆ ಮೇಲಿನ ಫೋಟೋಗಳನ್ನ ಪೇಂಟ್ ಮಾಡೋವಾಗ ಕಿತ್ತು ಹಾಕಿದ್ರು. ಮಡಚೋದಕ್ಕೆ ಅವಳಿಗೆ ಆಗ ಫೋಟೋ ಬೇಕಾಗಿರ್ಲಿಲ್ಲ, ಆದ್ರೂ ಅದು ಅಲ್ಲಿ ಇರೋದು ಬೇಕಾಗಿತ್ತು. ಅದೇ ವಾರ ಹೇಳದೆ ಕೇಳದೆ ಬೆಂಕಿ ಅಲಾರಂ ಅಭ್ಯಾಸ ಮಾಡಿದ್ರು. ಆ ಸದ್ದಿಗೆ ಕಿವಿ ಮುಚ್ಕೊಂಡು ತಲೆಗೆ ಹೊಡ್ಕೊಂಡ್ಲು. ಮಾರನೇ ದಿನದಿಂದ ಬರೋದು ಬೇಡ ಅಂದ್ರು. ಕೋಚ್ ಇದ್ದ ಸಂಸ್ಥೆಗೆ ಫೋನ್ ಮಾಡಿದ್ರೆ "ಕೇಸ್ ಕ್ಲೋಸ್ ಆಗಿದೆ" ಅಂದ್ರು.

ಕೆಲಸ ಮಾಡೋಕೆ ಬರಲ್ಲ ಅಂತ ಯಾರೂ ಹೇಳ್ಲಿಲ್ಲ, ಕೊನೇ ದಿನದವರೆಗೂ ಲೆಕ್ಕ ಸರಿ ಇತ್ತು. ಆಮೇಲೆ ಎರಡು ವರ್ಷ ಮನೇಲಿ. ದಿನಾ ಬೆಳಿಗ್ಗೆ ಯೂನಿಫಾರಂ ಹಾಕ್ಕೊಂಡು ಬಾಗಿಲ ಹತ್ರ ಕೂರ್ತಿದ್ಲು, ಅದನ್ನ ಬರೆಯೋವಾಗ ಈಗ್ಲೂ ಕೈ ನಡುಗುತ್ತೆ. ಹಾಗಾಗಿ ಕೆಲಸ ಸಿಕ್ತು ಅಂತ ಯಾರಾದ್ರೂ ಅಂದ್ರೆ ನಾನು ಕೇಳೋ ಮೊದಲ ಪ್ರಶ್ನೆ, ಒಂದು ವರ್ಷ ಆದ್ಮೇಲೆ ಫೋನ್ ಎತ್ತೋರು ಯಾರು?

ತಂಗಿಯಕ್ಕ:
ಅಂಕಲ್, ಓದ್ತಾ ಕಣ್ಣಲ್ಲಿ ನೀರು ಬಂತು. ಈಗ ಹೇಗಿದಾಳೆ?

ಮಗಳಪ್ಪ:
ಈಗ ಒಂದೂವರೆ ವರ್ಷದಿಂದ ಬೇರೆ ಕಡೆ ಹೋಗ್ತಿದಾಳೆ, ವಾರಕ್ಕೆ ನಾಲ್ಕು ದಿನ, ಅರ್ಧ ದಿನ. ಈ ಸಲ ಇಬ್ಬರು ಸಹೋದ್ಯೋಗಿಗಳಿಗೆ ಅವಳ ಬಗ್ಗೆ ಪೂರ್ತಿ ಗೊತ್ತು, ಒಬ್ಬರು ರಜ ಹಾಕಿದ್ರೆ ಇನ್ನೊಬ್ಬರು. ಅಲಾರಂ ಇದ್ರೆ ಹಿಂದಿನ ದಿನ ನನಗೆ ಮೆಸೇಜ್ ಬರುತ್ತೆ.

ಜೊತೆನಡಿಗೆ:
ನಿಮ್ಮ ಮಗಳಿಗೆ ಆಗಿದ್ದು ನಮ್ಮ ವೃತ್ತಿಯ ತಪ್ಪು, ಒಪ್ಕೋತೀನಿ. ಕೋಚ್ ಹಿಂದೆ ಸರಿಯೋದು ಬೇರೆ, ಕಾಣೆಯಾಗೋದು ಬೇರೆ. ಮೊದಲ ದಿನದಿಂದ್ಲೇ ಅಲ್ಲಿ ಕೆಲಸ ಮಾಡೋರಿಗೆ ಕಲಿಸ್ಬೇಕು, ಸೂಚನೆ ಕೊಡೋದು ಸೂಪರ್‌ವೈಸರ್ ಬಾಯಿಂದಲೇ ಬರ್ಬೇಕು, ಕೋಚ್ ಎದುರಿಗೆ ನಿಲ್ಲದೆ ಪಕ್ಕದಲ್ಲೋ ಹಿಂದೆನೋ ನಿಲ್ಬೇಕು. ಇಲ್ಲಾಂದ್ರೆ ಹುಡುಗ ಕೋಚ್ ಮುಖ ನೋಡ್ಕೊಂಡು ಕೆಲಸ ಮಾಡೋದು ಕಲೀತಾನೆ, ಕೋಚ್ ಹೋದ ದಿನ ಕೆಲಸನೂ ಹೋಗುತ್ತೆ. ಕಲಿಸೋ ವಿಷ್ಯದಲ್ಲಿ ನಮಗೆಲ್ಲ ಗುರು ಅಂದ್ರೆ ಮಾರ್ಕ್ ಗೋಲ್ಡ್, 1970ರ ದಶಕದಲ್ಲಿ "ಇವರಿಂದ ಏನೂ ಆಗಲ್ಲ" ಅಂತ ಬಿಟ್ಟುಬಿಟ್ಟಿದ್ದ ಜನಕ್ಕೆ ಅವರು ಸೈಕಲ್ ಬ್ರೇಕ್ ಬಿಡಿಭಾಗಗಳನ್ನ ಜೋಡಿಸೋದು ಕಲಿಸಿ ತೋರಿಸಿದ್ರು. ಕಲೀಲಿಲ್ಲ ಅಂದ್ರೆ ಕಲಿಸೋ ರೀತಿ ಬದಲಾಯಿಸು ಅನ್ನೋದು ಅವರ ವಾದ.

ಈಗ ಫೋನೇ ಅರ್ಧ ಕೋಚ್ ಕೆಲಸ ಮಾಡುತ್ತೆ. 2015ರಲ್ಲಿ ಟೋನಿ ಜೆಂಟ್ರಿ ತಂಡ ಆಟಿಸಂ ಇರೋ ಕೆಲಸಗಾರರಿಗೆ ಐಪಾಡ್ ಟಚ್‌ನಲ್ಲಿ ಕೆಲಸದ ಪಟ್ಟಿ, ನೆನಪಿನ ಅಲಾರಂ, ಸಣ್ಣ ವಿಡಿಯೋ ಹಾಕಿಕೊಟ್ಟು ನೋಡಿದ್ರು, ಅದು ಶುರುವಿನಲ್ಲೇ ಸಿಕ್ಕವರಿಗೆ, ತಡವಾಗಿ ಸಿಕ್ಕವರಿಗಿಂತ, ಕೋಚ್ ನಿಲ್ಲಬೇಕಾದ ಗಂಟೆಗಳು ಕಡಿಮೆ ಆದ್ವು. ಗೋಡೆ ಮೇಲಿನ ಫೋಟೋ ಯಾರಾದ್ರೂ ಕಿತ್ತು ಹಾಕಬಹುದು, ಜೇಬಲ್ಲಿ ಇರೋದನ್ನ ಕೀಳೋಕಾಗಲ್ಲ.

ನಿಶ್ಶಬ್ದ24:
ನಾನು ಆಟಿಸ್ಟಿಕ್. ಇಲ್ಲಿ ಎಲ್ಲರೂ ನಮ್ಮ ಬಗ್ಗೆ ಮಾತಾಡ್ತಿದೀರ, ಒಳಗಿಂದ ಹೇಗಿರುತ್ತೆ ಅಂತ ಹೇಳೋಣ ಅಂತ ಬಂದೆ. ನನಗೆ ಮಾತು ಸರಾಗ ಬರುತ್ತೆ, ಹಾಗಾಗಿ ಮುಂಜಾವು ಅವರ ಮಗನ ಪರವಾಗಿ ಪೂರ್ತಿ ಮಾತಾಡೋಕೆ ನನಗೆ ಹಕ್ಕಿಲ್ಲ, ಆದ್ರೂ ಕೆಲವು ವಿಷ್ಯ ಒಂದೇ ಇರುತ್ತೆ.

ನಾನು ಎರಡು ಕೆಲಸ ಕಳ್ಕೊಂಡೆ. ಎರಡೂ ಕಡೆ ಕೆಲಸ ಕಷ್ಟ ಆಗಿರ್ಲಿಲ್ಲ, ಬಿಡುವು ಕಷ್ಟ ಆಗಿತ್ತು. ಕೆಲಸದ ನಾಲ್ಕು ಗಂಟೆ ಏನು ಮಾಡ್ಬೇಕು ಅಂತ ಗೊತ್ತಿರುತ್ತೆ, ಮಧ್ಯದ ಅರ್ಧ ಗಂಟೆ ಎಲ್ಲಿ ಕೂರಬೇಕು, ಯಾರ ಜೊತೆ, ಏನು ಮಾತಾಡ್ಬೇಕು, ಸುಮ್ನೆ ಕೂತ್ರೆ ಕೊಬ್ಬು ಅಂತಾರಾ, ಅದೇ ಯೋಚನೇಲಿ ಸುಸ್ತಾಗಿ ಮಧ್ಯಾಹ್ನದ ಕೆಲಸ ಕೆಡ್ತಿತ್ತು. ಸ್ಕೂಲಲ್ಲಿ ನನಗೆ ಕೆಲಸಕ್ಕೆ ತಯಾರಿ ಅಂತ ಕಲಿಸಿದ್ದು ಏನು ಗೊತ್ತಾ, ಕಣ್ಣಲ್ಲಿ ಕಣ್ಣಿಟ್ಟು ನೋಡೋದು, ಕೈ ಕುಲುಕೋದು, ನಗೋದು. ಎಂಟು ಗಂಟೆ ಬೇರೆಯವರ ಹಾಗೆ ನಟಿಸಿ ಮನೆಗೆ ಬಂದು ಕತ್ತಲೆ ರೂಮಲ್ಲಿ ಬಿದ್ಕೊಳ್ತಿದ್ದೆ. ಎರಡನೇ ಕೆಲಸದಲ್ಲಿ ಒಂದಿನ ಬೆಳಿಗ್ಗೆ ಎದ್ದು ಮಾತೇ ಬರ್ಲಿಲ್ಲ, ಮೂರು ವಾರ ಹಾಗೇ ಇದ್ದೆ. ದಯವಿಟ್ಟು ನಿಮ್ಮ ಮಕ್ಕಳಿಗೆ ನಟನೆ ಕಲಿಸ್ಬೇಡಿ. "ನನಗೆ ಈಗ ಬ್ರೇಕ್ ಬೇಕು" ಅಂತ ಹೇಳೋದು ಅಥವಾ ಕಾರ್ಡ್ ತೋರ್ಸೋದು ಕಲಿಸಿ, ಅದು ಕೆಲಸ ಉಳಿಸುತ್ತೆ.

ಇಂಟರ್‌ವ್ಯೂ ಇನ್ನೊಂದು. "ನಿಮ್ಮ ಬಗ್ಗೆ ಹೇಳಿ" ಅಂದ್ರೆ ಎಲ್ಲಿಂದ ಶುರು ಮಾಡ್ಬೇಕು, ಏನು ಬಿಡ್ಬೇಕು ನನಗೆ ಗೊತ್ತಾಗಲ್ಲ. ಈಗಿರೋ ಕೆಲಸದಲ್ಲಿ ಆರು ವರ್ಷ ಆಯ್ತು, ಇವರು ಇಂಟರ್‌ವ್ಯೂ ಮಾಡ್ಲಿಲ್ಲ, ಎರಡು ದಿನ ಕೂರಿಸಿ ಕೆಲಸ ಕೊಟ್ಟು ನೋಡಿದ್ರು. ಡೇಮಿಯನ್ ಮಿಲ್ಟನ್ ಅಂತ ಇದಾರೆ, ಅವರೂ ಆಟಿಸ್ಟಿಕ್, ಸಂಶೋಧಕರು. 2012ರಲ್ಲಿ ಬರೆದ್ರು, ನಮಗೆ ನೀವು ಅರ್ಥ ಆಗಲ್ಲ ಅನ್ನೋದು ಎಷ್ಟು ನಿಜವೋ ನಿಮಗೆ ನಾವು ಅರ್ಥ ಆಗಲ್ಲ ಅನ್ನೋದೂ ಅಷ್ಟೇ ನಿಜ, ತೊಡಕು ಇಬ್ಬರ ಮಧ್ಯೆ ಇದೆ, ನಮ್ಮೊಳಗೆ ಮಾತ್ರ ಅಲ್ಲ ಅಂತ. ತರಬೇತಿ ಪೂರ್ತಿ ನಮಗೇ ಕೊಡ್ತಾರೆ, ಇನ್ನೊಂದು ಕಡೆಯವರಿಗೆ ಯಾರು ಕೊಡ್ತಾರೆ?

ಹಳೇಪೆನ್ನು:
ಆ ಇನ್ನೊಂದು ಕಡೆಯವನು ನಾನು. ಒಂದು ಗೋಡೌನಲ್ಲಿ ಸೂಪರ್‌ವೈಸರ್. ನಮ್ಮ ಪ್ಯಾಕಿಂಗ್ ವಿಭಾಗದಲ್ಲಿ ಆಟಿಸಂ ಇರೋ ಇಬ್ಬರು ಹುಡುಗರು ಇದ್ದಾರೆ. ನನಗೆ ಯಾರೂ ತರಬೇತಿ ಕೊಡ್ಲಿಲ್ಲ, ತಪ್ಪು ಮಾಡಿ ಕಲಿತೆ.

ಮೊದಲ ಹುಡುಗ ಸೇರಿದ ಎರಡನೇ ವಾರ. "ಈ ಬಾಕ್ಸ್ ಎಲ್ಲ ಮುಗಿಸಿ ಮನೆಗೆ ಹೋಗು" ಅಂದು ನಾನು ಹೊರಟೆ. ಆಮೇಲೆ ಇನ್ನೊಂದು ಲೋಡ್ ಬಂದು ಅದೇ ಜಾಗದಲ್ಲಿ ಇಳಿಸಿದ್ರು. ರಾತ್ರಿ ಒಂಬತ್ತೂವರೆಗೆ ಅವರ ತಾಯಿ ಫೋನ್ ಮಾಡಿ ಅಳ್ತಿದ್ರು, ಮಗ ಬಂದಿಲ್ಲ ಅಂತ. ಓಡಿ ಹೋಗಿ ನೋಡಿದ್ರೆ ಒಬ್ಬನೇ ನಿಂತು ಪ್ಯಾಕ್ ಮಾಡ್ತಿದಾನೆ, ಕೈ ಕೆಂಪಗಾಗಿತ್ತು, ನಾನು ಹೇಳಿದ್ದನ್ನೇ ಮಾಡ್ತಿದ್ದ. ಆ ರಾತ್ರಿ ನನಗೆ ಬಹಳ ನಾಚಿಕೆ ಆಯ್ತು. ಆಮೇಲಿಂದ ಯಾವ ಕೆಲಸ ಹೇಳಿದ್ರೂ ಎಷ್ಟು ಗಂಟೆಗೆ ನಿಲ್ಲಿಸ್ಬೇಕು ಅಂತ ಬೋರ್ಡ್ ಮೇಲೆ ಬರೀತೀನಿ, ಬೇಗ ಮುಗಿದ್ರೆ ಮುಂದೇನು ಅಂತಾನೂ ಬರೀತೀನಿ. ಇದರಿಂದ ಒಂದು ಲಾಭ ಆಯ್ತು, ಬೇರೆ ಕೆಲಸಗಾರರೂ ಅದೇ ಬೋರ್ಡ್ ನೋಡೋಕೆ ಶುರು ಮಾಡಿದ್ರು, ಎಲ್ಲರ ಗೊಂದಲನೂ ಕಡಿಮೆ ಆಯ್ತು.

ಮಾಲೀಕರ ಹತ್ರ ಹೋಗೋರಿಗೆ ಒಂದು ಸಲಹೆ. ಕರುಣೆ ಕೇಳ್ಬೇಡಿ. "ನಿಮ್ಮಲ್ಲಿ ಯಾವ ಕೆಲಸ ಬಾಕಿ ಬೀಳುತ್ತೆ, ಯಾವುದಕ್ಕೆ ಜನ ನಿಲ್ಲಲ್ಲ" ಅಂತ ಕೇಳಿ. ನಮ್ಮಲ್ಲಿ ವಾಪಸ್ ಬಂದ ಮಾಲಿನ ಲೇಬಲ್ ಪರೀಕ್ಷೆ ಯಾವಾಗ್ಲೂ ಬಾಕಿ ಇರ್ತಿತ್ತು, ಐದಾರು ಜನರ ಕೆಲಸದಿಂದ ಆ ತುಣುಕನ್ನ ಬಿಡಿಸಿ ಒಂದು ಪೂರ್ತಿ ಕೆಲಸ ಮಾಡಿದ್ವಿ, ಎರಡನೇ ಹುಡುಗ ಅದಕ್ಕೇ ಬಂದ.

ತಂಗಿಯಕ್ಕ:
ನನ್ನ ತಂಗಿಗೆ 19. ನನ್ನದೊಂದು ಬೇರೆ ಪ್ರಶ್ನೆ. ಎಲ್ಲರೂ ಕಂಪ್ಯೂಟರ್ ಕಲಿಸಿ, ಆಟಿಸಂ ಇರೋರಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಸೂಪರ್ ಆಗುತ್ತೆ ಅಂತಾರೆ. ಅವಳಿಗೆ ಸ್ಕ್ರೀನ್ ಕಂಡ್ರೆ ಆಗಲ್ಲ. ಹಾಗಾದ್ರೆ ಅವಳಿಗೆ ಏನೂ ಇಲ್ವಾ?

ನಿಶ್ಶಬ್ದ24:
ಆ ಮಾತು ಹುಟ್ಟಿದ್ದು ಒಳ್ಳೇ ಜಾಗದಿಂದಲೇ. 2004ರಲ್ಲಿ ಡೆನ್ಮಾರ್ಕಿನ ಥಾರ್ಕಿಲ್ ಸೊನ್ನೆ, ಅವರ ಮಗನಿಗೆ ಆಟಿಸಂ, ಆಟಿಸಂ ಇರೋರನ್ನ ಸಾಫ್ಟ್‌ವೇರ್ ಟೆಸ್ಟಿಂಗ್ ತರದ ಕೆಲಸಕ್ಕೆ ತಗೊಳ್ಳೋ ಸ್ಪೆಷಲಿಸ್ಟರ್ನ ಅನ್ನೋ ಕಂಪನಿ ಶುರು ಮಾಡಿದ್ರು, ಮಾತಿನ ಇಂಟರ್‌ವ್ಯೂ ಬದಲು ಲೆಗೋ ರೋಬೋಟ್ ಕೊಟ್ಟು ಹೇಗೆ ಯೋಚನೆ ಮಾಡ್ತಾರೆ ಅಂತ ನೋಡ್ತಿದ್ರು. 2013ರಲ್ಲಿ ಜರ್ಮನಿಯ ದೊಡ್ಡ ಸಾಫ್ಟ್‌ವೇರ್ ಕಂಪನಿ ಸ್ಯಾಪ್ ಅವರ ಜೊತೆ ಸೇರ್ಕೊಂಡು ಆಟಿಸಂ ಇರೋರನ್ನ ತಗೊಳ್ಳೋ ಕಾರ್ಯಕ್ರಮ ಶುರು ಮಾಡ್ತು. ಇದರಿಂದ ನನ್ನಂಥವರಿಗೆ ಬಾಗಿಲು ತೆರೀತು, ಕೃತಜ್ಞತೆ ಇದೆ. ಆದ್ರೆ ಅದನ್ನೇ ಎಲ್ಲರ ಅಳತೆ ಮಾಡಿದ್ರೆ ನಿಮ್ಮ ತಂಗಿ, ಮುಂಜಾವು ಅವರ ಮಗ ಹೊರಗೆ ಉಳೀತಾರೆ. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್, ಅವರೂ ಆಟಿಸ್ಟಿಕ್, ಹೆಸರು ಮಾಡಿದ್ದು ದನಗಳನ್ನ ಹೆದರಿಸದೆ ಸಾಗಿಸೋ ವ್ಯವಸ್ಥೆ ವಿನ್ಯಾಸ ಮಾಡಿ. ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಬಗ್ಗೆ ಬರೆದಾಗ ಮೊದಲ ಕೇಸ್ ಆಗಿದ್ದ ಹುಡುಗ ಡೊನಾಲ್ಡ್ ಟ್ರಿಪ್ಲೆಟ್, ಅವರು ಊರಿನ ಬ್ಯಾಂಕಲ್ಲಿ ದಶಕಗಳ ಕಾಲ ಕೆಲಸ ಮಾಡಿ 2023ರಲ್ಲಿ 89ನೇ ವಯಸ್ಸಲ್ಲಿ ತೀರ್ಕೊಂಡ್ರು. ತಂಗಿಗೆ ಸ್ಕ್ರೀನ್ ಬೇಡ ಅಂದ್ರೆ ಬೇಡ ಅಷ್ಟೇ.

ಕಾಗದದೋಣಿ:
ಟ್ರಿಪ್ಲೆಟ್ ವಿಷ್ಯದಲ್ಲಿ ಒಂದು ಸೇರಿಸ್ಬೇಕು, ಆ ಬ್ಯಾಂಕು ಅವರ ಮನೆತನದ್ದೇ ಆಗಿತ್ತು. ಎಲ್ಲರಿಗೂ ಆ ಅನುಕೂಲ ಇರಲ್ಲ.

ನಿಶ್ಶಬ್ದ24:
ಹೌದು, ಸರಿ. ನಾನು ಹೇಳೋಕೆ ಹೊರಟಿದ್ದೂ ಅದೇ ಅನ್ನಿ, ಅವರನ್ನ ಅವರಿರೋ ಹಾಗೇ ಸೇರಿಸ್ಕೊಂಡ ಒಂದು ಜಾಗ ಇತ್ತು. ಅಂಥ ಜಾಗ ಮನೆತನದ ಬ್ಯಾಂಕ್ ಇಲ್ಲದೋರಿಗೂ ಸಿಗ್ಬೇಕು.

ಸಂಜೆಗಾಳಿ:
ನನ್ನ ಅನಿಸಿಕೆ ಬೇರೆ. ಸಂಬಳ ಅಂತ ಯಾಕೆ ಇಷ್ಟು ತಲೆ ಕೆಡಿಸ್ಕೋತೀರ? ಮಗು ಹಗಲೊತ್ತು ಎಲ್ಲೋ ಒಂದು ಕಡೆ ಸುರಕ್ಷಿತವಾಗಿ ಇದ್ರೆ ಸಾಕಲ್ವಾ, ದುಡೀಲೇಬೇಕು ಅಂತ ಏನಿಲ್ಲ.

ಮಗಳಪ್ಪ:
ಸುರಕ್ಷಿತವಾಗಿ ಇರ್ಲಿ ಅನ್ನೋ ಆಸೆ ನಮಗೂ ಇದೆ. ಆದ್ರೆ ಅದೇ ಕೆಲಸಕ್ಕೆ ಪಕ್ಕದಲ್ಲಿರೋರಿಗೆ ಸಂಬಳ ಕೊಟ್ಟು ನನ್ನ ಮಗಳಿಗೆ ಚಪ್ಪಾಳೆ ಕೊಟ್ರೆ ಅದು ಅವಳಿಗೂ ಗೊತ್ತಾಗುತ್ತೆ. 2006ರ ವಿಶ್ವಸಂಸ್ಥೆ ಒಪ್ಪಂದದ 27ನೇ ವಿಧಿ ಅಂಗವೈಕಲ್ಯ ಇರೋರಿಗೆ ಎಲ್ಲರ ಸಮಾನವಾಗಿ ದುಡಿದು ಬದುಕೋ ಹಕ್ಕಿದೆ ಅಂತ ಹೇಳುತ್ತೆ, ಕೆಲಸದ ಜಾಗದಲ್ಲಿ ಬೇಕಾದ ಹೊಂದಾಣಿಕೆ ಮಾಡ್ಬೇಕು ಅಂತಾನೂ ಹೇಳುತ್ತೆ. ದುಡೀಲೇಬೇಕು ಅಂತ ಯಾರನ್ನೂ ಬಲವಂತ ಮಾಡೋದು ಬೇಡ, ಒಪ್ತೀನಿ. ದುಡೀಬಲ್ಲವರನ್ನ ಕೂರಿಸೋದೂ ಬೇಡ. ಮತ್ತೆ ನಾವು ಸತ್ತ ಮೇಲೆ ಆ ಸುರಕ್ಷಿತ ಜಾಗಕ್ಕೆ ಖರ್ಚು ಕೊಡೋರು ಯಾರು ಅನ್ನೋದೂ ಇದೆಯಲ್ಲ.

ಜೊತೆನಡಿಗೆ:
ಸಂಬಳ ಇಲ್ಲದ ಟ್ರಯಲ್ ಒಪ್ಕೊಳ್ಳಿ, ಆದ್ರೆ ಮುಗಿಯೋ ತಾರೀಖು ಬರವಣಿಗೆಯಲ್ಲಿ ಇರ್ಲಿ. ತಾರೀಖು ಇಲ್ಲದ ಟ್ರಯಲ್ ವರ್ಷಗಟ್ಟಲೆ ಎಳೆಯೋದನ್ನ ನೋಡಿದೀನಿ.

ಮುಂಜಾವು:
ಎರಡು ತಿಂಗಳಾದ್ಮೇಲೆ ಬರೀತಿದೀನಿ. ಎಲ್ರಿಗೂ ಹೇಳ್ಬೇಕಾಗಿದ್ದು ತುಂಬ ಇದೆ.

ಮೊದಲು ಮನೆ. ಒಗೆದ ಬಟ್ಟೆ ಮಡಚಿ ಎಲ್ಲರ ಕಪಾಟಿಗೆ ಸೇರಿಸೋದು ಈಗ ಅವನ ಕೆಲಸ. ಮೊದಲ ವಾರ ಬಟ್ಟೆ ಹಾಗೇ ಗುಡ್ಡೆ ಬಿದ್ದಿತ್ತು, ನನ್ನ ಕೈ ತುರಿಸ್ತಿತ್ತು, ಮುಟ್ಲಿಲ್ಲ. ಐದನೇ ದಿನ ಅವನ ಅಪ್ಪ ಹಾಕ್ಕೊಳ್ಳೋಕೆ ಅಂಗಿ ಇಲ್ಲ ಅಂದಾಗ ತಾನೇ ಹೋಗಿ ಮಡಚೋಕೆ ಶುರು ಮಾಡಿದ. ಈಗ ಯಾರ ಕಾಲುಚೀಲ ಒಂದು ಕಮ್ಮಿ ಇದ್ರೂ ಅವರ ರೂಮ್ ಬಾಗಿಲಲ್ಲಿ ಬಂದು ನಿಲ್ತಾನೆ.

ಆಮೇಲೆ ಸ್ಕೂಲಿಗೆ ಹೋಗಿ ಹಾಜರಿ ಪುಸ್ತಕದ ವಿಷ್ಯ ಹೇಳಿ ಗಟ್ಟಿಯಾಗಿ ಕೂತೆ. ಒಬ್ಬರು ಟೀಚರ್ ವಾರಕ್ಕೆ ಎರಡು ದಿನ ಜೊತೆಗೆ ಹೋಗೋಕೆ ಒಪ್ಪಿದ್ರು, ಹಿಂದೆ ಕಂಪ್ಲೇಂಟ್ ಮಾಡಿದ್ದವರೇ ಅವರು. ಹಳೇಪೆನ್ನು ಸರ್ ಹೇಳಿದ ಹಾಗೆ ಮೂರು ಕಡೆ ಹೋಗಿ ಯಾವ ಕೆಲಸ ಬಾಕಿ ಬೀಳುತ್ತೆ ಅಂತ ಕೇಳ್ದೆ. ಎರಡು ಕಡೆ ಆಗಲ್ಲ ಅಂದ್ರು. ಮೂರನೆಯದು ಒಂದು ಆಸ್ಪತ್ರೆ, ವಾರ್ಡಿಂದ ರೆಕಾರ್ಡ್ ರೂಮಿಗೆ ಫೈಲ್ ವಾಪಸ್ ಬರೋದು ಯಾವಾಗ್ಲೂ ತಡ ಅಂತೆ. ಆರು ವಾರದ ಟ್ರಯಲ್, ಮುಗಿಯೋ ತಾರೀಖು ಬರೆಸ್ಕೊಂಡಿದೀನಿ, ಆಮೇಲೆ ತಗೊಂಡ್ರೆ ಸಂಬಳ ಎಲ್ಲರ ಲೆಕ್ಕದಲ್ಲೇ ಅಂತಾನೂ ಬರೆಸಿದೀನಿ.

ಮೂರು ವಾರ ಆಯ್ತು. ಮೊದಲ ದಿನ ಲಿಫ್ಟ್ ಸದ್ದಿಗೆ ಕೂತುಬಿಟ್ಟ, ಈಗ ಮೆಟ್ಟಿಲಲ್ಲೇ ಹೋಗ್ತಾನೆ. ಮೊನ್ನೆ ಒಂದು ವಾರ್ಡಿನ ನರ್ಸ್ ಫೈಲ್ ಕೊಡೋಕೆ ಆಗ ಟೈಮಿಲ್ಲ ಅಂದ್ರಂತೆ, ಅವನು ಬಾಗಿಲಲ್ಲಿ ನಿಂತಿದಾನೆ, ರೆಕಾರ್ಡ್ ರೂಮಿನವರು ಬಂದು ಅವನಿಗೆ ಒಂದು ಚೀಟಿ ಕೊಟ್ರು, "4 ಗಂಟೆಗೆ ಮತ್ತೆ ಬಾ" ಅಂತ. ಸರಿಯಾಗಿ ನಾಲ್ಕಕ್ಕೆ ಹೋಗಿ ತಂದ. ಅವತ್ತಿಂದ ಆ ಚೀಟಿಗಳು ಎಲ್ಲ ವಾರ್ಡಲ್ಲೂ ಇವೆ. ನಿಶ್ಶಬ್ದ ಅವರು ಬಿಡುವಿನ ಬಗ್ಗೆ ಬರೆದಿದ್ದು ನೆನಪಿತ್ತು, ಸಂಜೆ ಟೈಪ್ ಮಾಡಿ ಕೇಳ್ದೆ ಬಿಡುವಲ್ಲಿ ಎಲ್ಲಿ ಇರ್ತೀಯ ಅಂತ. "ಮೆಟ್ಟಿಲ ಕೆಳಗೆ. ಕತ್ತಲೆ. ಚೆನ್ನಾಗಿದೆ" ಅಂತ ಟೈಪ್ ಮಾಡಿದ. ಟೀಚರು ಅವನನ್ನ ಅಲ್ಲಿಂದ ಎಬ್ಬಿಸಿ ಎಲ್ಲರ ಜೊತೆ ಕೂರಿಸೋಣ ಅಂತಿದ್ರು, ಬೇಡ ಅಂದೆ.

ಈಗ ಒಂದು ಸಹಾಯ ಬೇಕು. ರೆಕಾರ್ಡ್ ರೂಮಿನ ಮುಖ್ಯಸ್ಥರು ಅವನ ಬಗ್ಗೆ ಒಂದೇ ಒಂದು ಪುಟ ಬರೆದು ಕೊಡಿ, ಎಲ್ಲ ವಾರ್ಡಿಗೂ ಕೊಡ್ತೀನಿ ಅಂದಿದಾರೆ. ಏನು ಬರೀಲಿ?

ನಿಶ್ಶಬ್ದ24:
ಮೊದಲು ಅವನನ್ನೇ ಕೇಳಿ, ಏನು ಬರೀಬೇಕು ಏನು ಬರೀಬಾರದು ಅಂತ. ರೋಗದ ಹೆಸರಿಂದ ಶುರು ಮಾಡ್ಬೇಡಿ, ಡಾಕ್ಟರ್ ರಿಪೋರ್ಟ್ ತರ ಆಗುತ್ತೆ. ಅವನು ಏನು ಮಾಡ್ತಾನೆ, ಹೇಗೆ ಹೇಳಿದ್ರೆ ಅರ್ಥ ಆಗುತ್ತೆ, ಯಾವ ಸದ್ದು ಆಗಲ್ಲ, ಸುಸ್ತಾದ್ರೆ ಹೇಗೆ ಗೊತ್ತಾಗುತ್ತೆ, ಆಗ ಏನು ಮಾಡ್ಬೇಕು ಏನು ಮಾಡ್ಬಾರದು. ಅಷ್ಟು ಸಾಕು.

ಹಳೇಪೆನ್ನು:
ಕೊನೇಲಿ ಫೋನ್ ನಂಬರ್ ಎರಡು ಹಾಕಿ ಅಮ್ಮಾ, ನಿಮ್ಮದೊಂದು, ಟೀಚರದ್ದೊಂದು. ಅಲಾರಂ ಅಭ್ಯಾಸ ಇದ್ರೆ ಹಿಂದಿನ ದಿನ ತಿಳಿಸಿ ಅಂತ ದಪ್ಪ ಅಕ್ಷರದಲ್ಲಿ ಬರೀರಿ.

ಮಗಳಪ್ಪ:
ಮುಖ್ಯಸ್ಥರು ಬದಲಾದ್ರೆ ಹೊಸಬರಿಗೂ ಈ ಪುಟ ಕೊಡ್ಬೇಕು ಅಂತಾನೂ ಅದರಲ್ಲೇ ಬರೀರಿ. ಒಂದು ಪ್ರತಿ ನಿಮ್ಮ ಹತ್ರ ಇರ್ಲಿ.

ಮುಂಜಾವು:
ಅವನನ್ನ ಕೇಳ್ದೆ. ಮೊದಲ ಸಾಲು ಅವನೇ ಟೈಪ್ ಮಾಡಿದಾನೆ, "ಎಲ್ಲ ಫೈಲ್ ಕೊಡಿ. ಒಂದೂ ಬಿಡಬೇಡಿ." ಉಳಿದಿದ್ದು ನಾಳೆ ಕೂತು ಬರೀತೀವಿ.